ಹೆಸರಿನ ಸನ್ನೆ: ಕಿವುಡರ ಬಳಗದಲ್ಲಿ ‘ನಾವು’ ಮತ್ತು ‘ನಾನು’

ಸಭಿಕರಿಗೆ ನಮಸ್ಕಾರ.

ಕಿವುಡರ ಬಳಗಕ್ಕೆ ಹೊಸಬರೊಬ್ಬರು ಬಂದರೆ ಅವರಿಗೆ ಹೆಸರಿನ ಸನ್ನೆಯೊಂದು ಸಿಗುತ್ತದೆ. ಗಲ್ಲದ ಮಚ್ಚೆ, ನಗುವ ರೀತಿ, ಕನ್ನಡಕ ಸರಿಪಡಿಸಿಕೊಳ್ಳುವ ಅಭ್ಯಾಸ, ಹೀಗೆ ಆ ವ್ಯಕ್ತಿಯಲ್ಲಿ ಎದ್ದು ಕಾಣುವ ಗುರುತನ್ನು ಹಿಡಿದು ಬಳಗದವರೇ ಅದನ್ನು ಇಡುತ್ತಾರೆ; ತಾನೇ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ವಾಡಿಕೆಯಲ್ಲ. ತೀರಾ ಸ್ವಂತದ್ದಾದ ಗುರುತನ್ನು ಇತರರ ಕೈಯಿಂದ ಪಡೆಯುವ ಈ ಪದ್ಧತಿಯಲ್ಲೇ ಇಂದಿನ ನನ್ನ ವಿಷಯ ಅಡಗಿದೆ. ನಾನು ಕಿವಿ ಕೇಳುವವಳು, ವೃತ್ತಿಯಿಂದ ಸನ್ನೆ ಭಾಷೆಯ ದುಭಾಷಿ. ನನ್ನ ತಮ್ಮ ಹುಟ್ಟು ಕಿವುಡ. ‘ಕಿವುಡ’ ಎಂಬ ಪದವನ್ನು ತಮ್ಮನೂ ಅವನ ಗೆಳೆಯರೂ ತಮ್ಮದೆಂದು ಒಪ್ಪಿಕೊಂಡಿರುವುದರಿಂದ ನಾನೂ ಅದನ್ನೇ ಬಳಸುತ್ತೇನೆ. ‘ಮೂಗ’ ಎನ್ನುವುದನ್ನು ಮಾತ್ರ ಬಿಟ್ಟುಬಿಡೋಣ; ಭಾಷೆಯುಳ್ಳವರನ್ನು ಹಾಗೆ ಕರೆಯುವುದು ಸುಳ್ಳಾಗುತ್ತದೆ.

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಹಬ್ಬದ ದಿನ ಎಲೆಯ ಮುಂದೆ ಕೂತ ಹದಿನೈದು ಜನ ಒಟ್ಟಿಗೆ ನಕ್ಕಾಗ ತಮ್ಮ ನನ್ನ ತೋಳು ತಟ್ಟಿ, ಏನೆಂದು ಕೇಳುತ್ತಿದ್ದ. ‘ಆಮೇಲೆ ಹೇಳ್ತೀನಿ ಕಣೋ’ ಎಂದು ನಾನು ಕೈಯಾಡಿಸುತ್ತಿದ್ದೆ. ಆ ‘ಆಮೇಲೆ’ ಬರುತ್ತಲೇ ಇರಲಿಲ್ಲ. ಇಂದಿಗೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕಿವಿ ಕೇಳುವ ತಂದೆತಾಯಿಗೇ ಹುಟ್ಟುವುದರಿಂದ, ತುಂಬಿದ ಮನೆಯಲ್ಲಿ ಒಂಟಿಯಾಗಿ ಬೆಳೆಯುವುದು ಅವರಲ್ಲಿ ಬಹುಮಂದಿಯ ಬಾಲ್ಯ. ಹದಿನೇಳನೆಯ ವಯಸ್ಸಿನಲ್ಲಿ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಸೇರುತ್ತಿದ್ದ ಕಿವುಡ ಗೆಳೆಯರ ನಡುವೆ ಕೂತ ಮೇಲೆ ನನ್ನ ತಮ್ಮನಿಗೆ ಸ್ವಂತ ಅಭಿಪ್ರಾಯಗಳು ಬಂದವು, ಹಟ ಬಂತು, ಜಗಳವಾಡಲು ಭಾಷೆ ಬಂತು. ಅವನ ‘ನಾನು’ ಹುಟ್ಟಿದ್ದು ‘ನಾವು’ ಎಂಬುದರ ಒಳಗೆ.

ಈ ಬಳಗದ ನಡವಳಿಕೆ ಹೊರಗಿನವರಿಗೆ ಅತಿಯೆನಿಸಬಹುದು. ಕೋಣೆಯಿಂದ ಎದ್ದು ಹೋಗುವವರು ಎಲ್ಲಿಗೆಂದು ತಿಳಿಸಿ ಹೋಗುತ್ತಾರೆ, ಸಂಬಳವೆಷ್ಟೆಂದು ನೇರವಾಗಿ ಕೇಳುತ್ತಾರೆ, ಹೊರಡುತ್ತೇವೆಂದ ಮೇಲೂ ಬಾಗಿಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಬಸ್ಸಿನಲ್ಲಿ ಪಕ್ಕದವರ ಮಾತು, ಅಂಗಡಿಯ ರೇಡಿಯೋ, ಅಡುಗೆಮನೆಯ ಪಿಸುಮಾತು ಇವೆಲ್ಲ ನಾವು ಬಯಸದಿದ್ದರೂ ನಮ್ಮ ಕಿವಿಗೆ ಬಂದು ಬೀಳುತ್ತವೆ. ಅವರಿಗಾದರೋ ಪ್ರತಿಯೊಂದು ಸುದ್ದಿಯನ್ನೂ ಯಾರಾದರೂ ಕೈಯೆತ್ತಿ ಹೇಳಬೇಕು. ಆದ್ದರಿಂದ ತಿಳಿದದ್ದನ್ನು ಹಂಚುವುದು ಅಲ್ಲಿ ಕರ್ತವ್ಯ. ಕಿವುಡರ ಶಿಕ್ಷಣದ ಬಗ್ಗೆ 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಸಮ್ಮೇಳನವು ಶಾಲೆಗಳಲ್ಲಿ ಸನ್ನೆಗಿಂತ ಬಾಯಿಮಾತೇ ಮೇಲೆಂದು ನಿರ್ಣಯಿಸಿದ ನಂತರ ಅನೇಕ ದೇಶಗಳಲ್ಲಿ ತರಗತಿಯಿಂದ ಹೊರಬಿದ್ದ ಸನ್ನೆ ಭಾಷೆಗಳು ಹಾಸ್ಟೆಲುಗಳಲ್ಲಿ, ಕಿವುಡರ ಸಂಘಗಳಲ್ಲಿ ಉಳಿದುಕೊಂಡವು. ಒಗ್ಗಟ್ಟಿನಿಂದಲೇ ಭಾಷೆ ಉಳಿಸಿಕೊಂಡವರು ಒಗ್ಗಟ್ಟನ್ನು ಬಿಗಿಯಾಗಿ ಹಿಡಿಯುವುದು ಸಹಜ.

ಆ ಹಿಡಿತ ಕೆಲವೊಮ್ಮೆ ಉಸಿರುಗಟ್ಟಿಸುತ್ತದೆ ಎಂಬುದನ್ನೂ ಹೇಳಲೇಬೇಕು. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಶ್ರವಣ ಸಾಧನ) ಹಾಕಿಸಿಕೊಂಡವರನ್ನು, ಬಾಯಿಮಾತು ರೂಢಿಸಿಕೊಂಡವರನ್ನು, ಕೇಳುವವರನ್ನು ಮದುವೆಯಾದವರನ್ನು ‘ನಮ್ಮವರಲ್ಲ’ ಎಂದು ದೂರವಿಟ್ಟದ್ದನ್ನು ನಾನು ಕಂಡಿದ್ದೇನೆ. ಇಲ್ಲಿ 1988ರ ಮಾರ್ಚ್ ತಿಂಗಳನ್ನು ನೆನೆಯಬೇಕು. ಕಿವುಡರಿಗಾಗಿಯೇ ಇರುವ, ಅಮೆರಿಕದ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯ 1864ರಲ್ಲಿ ಆರಂಭವಾಗಿದ್ದರೂ ಅಲ್ಲಿಯವರೆಗೆ ಅದಕ್ಕೆ ಕಿವುಡ ಅಧ್ಯಕ್ಷರಿರಲಿಲ್ಲ. ವಿದ್ಯಾರ್ಥಿಗಳು ಒಂದಾಗಿ ಗೇಟುಗಳನ್ನು ಮುಚ್ಚಿ ಹೋರಾಡಿದ ಫಲವಾಗಿ ಆ ಸ್ಥಾನಕ್ಕೆ ಬಂದ ಐ. ಕಿಂಗ್ ಜೋರ್ಡನ್ 21ನೆಯ ವಯಸ್ಸಿನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡವರು. ಅಲ್ಲಿಯವರೆಗೂ ಕೇಳುವವರಾಗಿಯೇ ಬದುಕಿದ್ದವರು. ಕಿವುಡರ ಅತ್ಯಂತ ಹೆಮ್ಮೆಯ ಸಾಮೂಹಿಕ ಗೆಲುವು ಇಂಥವರೊಬ್ಬರನ್ನು ‘ನಮ್ಮವರು’ ಎಂದು ಒಪ್ಪಿಕೊಂಡಿತು.

ನನ್ನ ವೃತ್ತಿಯಲ್ಲಿ ಈ ಎಳೆದಾಟ ದಿನವೂ ಎದುರಾಗುತ್ತದೆ. ಒಮ್ಮೆ ಒಬ್ಬ ಯುವತಿಯ ಜೊತೆ ವೈದ್ಯರ ಬಳಿ ಹೋಗಿಬಂದ ಮೇಲೆ ಅವಳ ಗೆಳತಿಯರು ‘ಅವಳಿಗೇನಾಗಿದೆ?’ ಎಂದು ಅಕ್ಕರೆಯಿಂದಲೇ ಕೇಳಿದರು. ನಾನು ಹೇಳಲಿಲ್ಲ. ಅವರಿಗೆ ನಿಜಕ್ಕೂ ನೋವಾಯಿತು, ಏಕೆಂದರೆ ಸುದ್ದಿ ಬಚ್ಚಿಡುವುದು ಅವರ ಪಾಲಿಗೆ ಕೇಳುವವರ ಹಳೆಯ ತಪ್ಪು, ನನ್ನದೇ ‘ಆಮೇಲೆ ಹೇಳ್ತೀನಿ’. ಮುಂದಿನ ಭಾನುವಾರ ಆ ಯುವತಿಯೇ ಎದ್ದು, ತನ್ನ ದೇಹದ ವಿಚಾರ ಹೇಳಬೇಕೋ ಬೇಡವೋ ಎಂಬುದನ್ನು ತಾನೇ ತೀರ್ಮಾನಿಸುವುದಾಗಿ ಅವರದೇ ಭಾಷೆಯಲ್ಲಿ ಹೇಳಿದಳು. ಗಟ್ಟಿ ಚರ್ಚೆಯಾಗಿ ಎಲ್ಲರೂ ಒಪ್ಪಿದರು. ಒಬ್ಬರ ಸ್ವಾತಂತ್ರ್ಯಕ್ಕೆ ಬಳಗದ ಒಳಗಿನಿಂದಲೇ ಜಾಗ ಸಿಗಬೇಕೆಂದು ನಾನು ನಂಬಿರುವುದು ಇಂಥ ಸಂಜೆಗಳಿಂದ.

ನಮ್ಮ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರ ಸೆಪ್ಟೆಂಬರಿನಲ್ಲಿ ದುಭಾಷಿಯ ನೆರವಿನೊಂದಿಗೆ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಹಾಜರಾದದ್ದು ಅವರ ಸ್ವಂತ ಸಾಧನೆ. ಅದರ ಹಿಂದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯವರೆಗೆ ಬಹಳ ಜನ ಕೂಡಿ ನಡೆದ ದಾರಿಯಿದೆ.

ಕೊನೆಗೆ ನನ್ನ ತಮ್ಮನ ವಿಷಯ. ಬಳಗದವರು ಅವನಿಗೆ ಇಟ್ಟಿದ್ದ ಸನ್ನೆ ಎಡಹುಬ್ಬಿನ ಮೇಲಿನ ಗಾಯದ ಗುರುತು. ಮೂವತ್ತು ತುಂಬಿದಾಗ ಅವನು ಅದು ಬೇಡವೆಂದು, ತಾನು ಚಿತ್ರ ಬಿಡಿಸುವ ಕೈಚಲನೆಯನ್ನೇ ಹೆಸರಾಗಿ ಕೊಡಿರೆಂದು ಕೇಳಿದ. ತಾನೇ ಇಟ್ಟುಕೊಳ್ಳಲಿಲ್ಲ, ಕೇಳಿದ. ಹೆಚ್ಚಿನವರು ಒಪ್ಪಿದರು. ಹಿರಿಯರೊಬ್ಬರು ಮಾತ್ರ ಇಂದಿಗೂ ಹುಬ್ಬು ಮುಟ್ಟಿಯೇ ಅವನ ಹೆಸರು ಹೇಳುತ್ತಾರೆ. ಅವನು ಪ್ರತಿ ಸಲವೂ ಹೊಸ ಸನ್ನೆಯನ್ನು ತೋರಿಸಿ, ಅವರ ಪಕ್ಕದಲ್ಲೇ ಕೂರುತ್ತಾನೆ.