ವೀಸಾ ಸಂದರ್ಶನ: ಅರ್ಜಿಯಲ್ಲಿ ಇರುವುದೇ ಬಾಯಲ್ಲಿಯೂ ಇರಲಿ

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಿಬರಲು ಹೊರಟಿರುವ, ಆದರೆ ವೀಸಾ ಸಂದರ್ಶನವೆಂದರೆ ಎದೆ ಢವಗುಟ್ಟುವ ತಂದೆ ತಾಯಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ನಾನು ಹೇಳಬೇಕಾದದ್ದು ಒಂದೇ ಒಂದು: ಅರ್ಜಿಯಲ್ಲಿ ಬರೆಯುವುದು ನಿಜವಾಗಿರಲಿ, ಅಧಿಕಾರಿಯ ಮುಂದೆ ಹೇಳುವುದೂ ಅದೇ ಆಗಿರಲಿ.

ವಯಸ್ಸಾದವರೂ ಖುದ್ದಾಗಿ ಹೋಗಲೇಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಸಾಮಾನ್ಯವಾಗಿ ಹೋಗಲೇಬೇಕು. 79 ವರ್ಷ ದಾಟಿದ ಹಿರಿಯರಿಗೂ 14 ತುಂಬದ ಮಕ್ಕಳಿಗೂ ಮೊದಲು ಇದ್ದ ವಿನಾಯಿತಿಯನ್ನು 2025ರ ಸೆಪ್ಟೆಂಬರ್ 2ರಿಂದ ತೆಗೆದುಹಾಕಲಾಗಿದೆ. ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟಿಗೆ 2025ರ ಜನವರಿಯಲ್ಲಿ ಚಾಲನೆ ದೊರೆತರೂ ಅದರ ಜೊತೆಗೇ ವೀಸಾ ಸೇವೆ ಆರಂಭವಾಗಲಿಲ್ಲ. ಹೀಗಾಗಿ ನಮ್ಮವರು ಹೆಚ್ಚಾಗಿ ಚೆನ್ನೈಗೋ ಹೈದರಾಬಾದಿಗೋ ರೈಲು ಹತ್ತುತ್ತಾರೆ.

ಈಗ ಆ ಕಿಟಕಿಯ ಆಚೆ ಕುಳಿತವರ ಕೆಲಸವೇನೆಂದು ತಿಳಿದುಕೊಳ್ಳಿ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಎಂಬ ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳಲು ಬಂದ ಪ್ರತಿಯೊಬ್ಬರನ್ನೂ ಅಲ್ಲಿಯೇ ನೆಲೆಸಲು ಹೊರಟವರೆಂದು ಮೊದಲು ಭಾವಿಸಲಾಗುತ್ತದೆ. ಹಾಗಲ್ಲ, ನಾವು ಮರಳಿ ಬರುವವರು ಎಂದು ಮನವರಿಕೆ ಮಾಡಿಕೊಡುವುದು ಅರ್ಜಿದಾರರ ಹೊಣೆ. ಇದಕ್ಕೆ ನಿಮಗೆ ಸಿಗುವುದು ಎರಡು ಮೂರು ನಿಮಿಷ. ಅಧಿಕಾರಿಯ ಎದುರಿಗಿರುವ ಪರದೆಯ ಮೇಲೆ ಡಿಎಸ್-160 ಎಂಬ ನಿಮ್ಮ ಅರ್ಜಿ ತೆರೆದಿರುತ್ತದೆ. ಅದರಲ್ಲಿರುವುದಕ್ಕೂ ನಿಮ್ಮ ಮಾತಿಗೂ ತಾಳೆಯಾಗುತ್ತದೆಯೇ ಎಂಬುದನ್ನೇ ಅವರು ನೋಡುವುದು.

ತಿಪಟೂರಿನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿಯ ಪ್ರಸಂಗವನ್ನು ನಾನು ಎಲ್ಲ ಕಡೆಯೂ ಹೇಳುತ್ತೇನೆ, ಇಲ್ಲಿಯೂ ಹೇಳದೆ ಬಿಡಲಾರೆ. ಟೆಕ್ಸಾಸಿನಲ್ಲಿದ್ದ ಮಗಳಿಗೆ ದಿನ ತುಂಬುತ್ತಿತ್ತು, ಚೊಚ್ಚಲ ಹೆರಿಗೆ. ಅರ್ಜಿ ತುಂಬಿಕೊಟ್ಟ ಏಜೆಂಟರು, ಬಾಣಂತನ ಎಂಬ ಮಾತನ್ನೇ ಎತ್ತಬೇಡಿ, ಊರು ನೋಡಲು ಹೋಗುತ್ತೇವೆ ಎನ್ನಿ ಎಂದು ಬುದ್ಧಿ ಹೇಳಿದರು. ಅರ್ಜಿಯಲ್ಲಿಯೂ ಹದಿನೈದು ದಿನದ ಪ್ರವಾಸ ಎಂದೇ ಬರೆದರು. ಮೇಷ್ಟ್ರು ಉತ್ತರಗಳನ್ನೆಲ್ಲ ಪದ್ಯದಂತೆ ಬಾಯಿಪಾಠ ಮಾಡಿದರು. ತೋಟದ ಪಹಣಿ, ಪಿಂಚಣಿ ಪುಸ್ತಕ, ಬ್ಯಾಂಕಿನ ಪತ್ರ, ಅಳಿಯನ ಸಂಬಳದ ಚೀಟಿಗಳು ಎಲ್ಲವನ್ನೂ ಕಡತ ಮಾಡಿ ಕಂಕುಳಲ್ಲಿಟ್ಟುಕೊಂಡು ಚೆನ್ನೈಗೆ ಹೋದರು. ಏಕೆ ಹೋಗುತ್ತಿದ್ದೀರಿ ಎಂದು ಕೇಳಿದ್ದಕ್ಕೆ, ನಯಾಗರ ಜಲಪಾತ ನೋಡಲು ಎಂದರು. ಮಗಳಿರುವುದು ಟೆಕ್ಸಾಸಿನಲ್ಲಿ, ಅಲ್ಲಿಂದ ನಯಾಗರಕ್ಕೆ ಹೇಗೆ ಹೋಗುತ್ತೀರಿ ಎಂಬ ಮುಂದಿನ ಪ್ರಶ್ನೆ ಅವರ ಪಾಠದಲ್ಲಿ ಇರಲಿಲ್ಲ. ಅವರು ತಡವರಿಸುತ್ತಿರುವಾಗ ಪಕ್ಕದಲ್ಲಿದ್ದ ಪತ್ನಿ ತಡೆಯಲಾರದೆ, "ನಮಗೆ ಯಾವ ಜಲಪಾತ ಸ್ವಾಮಿ, ಮಗಳ ಬಾಣಂತನಕ್ಕೆ ಹೋಗ್ತಿದೀವಿ" ಎಂದುಬಿಟ್ಟರು. ಆಕೆ ಹೇಳಿದ್ದು ಅಪ್ಪಟ ಸತ್ಯ, ಆದರೆ ಅರ್ಜಿಯಲ್ಲಿದ್ದದ್ದು ಬೇರೆ. ಕೈಗೆ ನಿರಾಕರಣೆಯ ಚೀಟಿ ಬಂತು. ಕಡತದ ದಾರವನ್ನು ಬಿಚ್ಚುವ ಸಂದರ್ಭವೇ ಬರಲಿಲ್ಲ.

ಅವರು ನನ್ನ ಬಳಿಗೆ ಬಂದದ್ದು ಆಮೇಲೆ. ಹೊಸ ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಸಿದೆ: ಮಗಳ ಹೆರಿಗೆಯ ಹೊತ್ತಿಗೆ ಜೊತೆಗಿರಲು ಹೋಗುತ್ತಿದ್ದೇವೆ, ಐದು ತಿಂಗಳು ಇರುತ್ತೇವೆ, ಖರ್ಚು ಅಳಿಯನದು, ಹಿಂದೊಮ್ಮೆ ವೀಸಾ ನಿರಾಕರಿಸಲಾಗಿದೆ. ಎರಡನೆಯ ಸಲ ಮಾತನಾಡಿದ್ದು ಮೇಷ್ಟ್ರ ಪತ್ನಿಯೇ, ಅದೂ ಕನ್ನಡದಲ್ಲಿ, ಭಾಷಾಂತರಕಾರರ ನೆರವಿನಿಂದ. ಐದು ತಿಂಗಳಾದ ಮೇಲೆ ಏಕೆ ಮರಳುತ್ತೀರಿ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಅತ್ತೆ ಇದ್ದಾರೆ, ತೆಂಗಿನ ತೋಟವಿದೆ, ನಾದಿನಿ ಅಷ್ಟು ದಿನ ಮಾತ್ರ ನೋಡಿಕೊಳ್ಳಲು ಒಪ್ಪಿದ್ದಾಳೆ ಎಂದರು. ವೀಸಾ ಸಿಕ್ಕಿತು. ಹೆತ್ತ ಮಗಳ ಹೆರಿಗೆಗೆ ತಾಯಿ ಹೋಗುವುದು ಯಾವ ದೇಶದಲ್ಲಿಯೂ ಮುಚ್ಚಿಡಬೇಕಾದ ಸಂಗತಿಯಲ್ಲ. ಅದನ್ನು ಮುಚ್ಚಿಡಿ ಎಂದು ಹೇಳಿಕೊಟ್ಟು ದುಡ್ಡು ಎಣಿಸಿಕೊಳ್ಳುವವರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ, ಕೇಳುಗರು ಕ್ಷಮಿಸಬೇಕು.

ಇನ್ನೊಂದು ವಿಷಯ ಗಮನಿಸಿ. 214(ಬಿ) ಅಡಿಯ ನಿರಾಕರಣೆಯ ವಿರುದ್ಧ ಮೇಲ್ಮನವಿ ಇಲ್ಲ, ಕಟ್ಟಿದ 185 ಡಾಲರ್ ಶುಲ್ಕವೂ ಮರಳುವುದಿಲ್ಲ. ಆದರೂ ಹೊಸದಾಗಿ ಅರ್ಜಿ ಹಾಕಬಹುದು, ಬಾಗಿಲು ಮುಚ್ಚಿರುವುದಿಲ್ಲ. ಬೇಕೆಂದೇ ಸುಳ್ಳು ಹೇಳಿದ್ದೀರೆಂದೋ ನಕಲಿ ಪತ್ರ ಕೊಟ್ಟಿದ್ದೀರೆಂದೋ ತೀರ್ಮಾನವಾದರೆ ಮಾತ್ರ ಜೀವನಪರ್ಯಂತ ಅನರ್ಹರಾಗುವ ಅಪಾಯವಿದೆ. ಆದ್ದರಿಂದ ಅರ್ಜಿಯನ್ನು ಮಕ್ಕಳೇ ತುಂಬಲಿ, ಏಜೆಂಟರೇ ತುಂಬಲಿ, ಕಳುಹಿಸುವ ಮೊದಲು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕುಳಿತು ಕೇಳಿಸಿಕೊಳ್ಳಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗನೆ ಹೇಳುತ್ತೇನೆ. ಬೆರಳಚ್ಚು ಮತ್ತು ಭಾವಚಿತ್ರಕ್ಕಾಗಿ ಸಂದರ್ಶನಕ್ಕೆ ಮೊದಲೇ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಕನ್ನಡಕ ಹಾಕಿಕೊಂಡು ತೆಗೆಸಿದ ಚಿತ್ರ ನಡೆಯುವುದಿಲ್ಲ. ಮೊಬೈಲನ್ನು ಕಾನ್ಸುಲೇಟಿನ ಒಳಗೆ ಬಿಡುವುದಿಲ್ಲ, ವಸತಿಯಲ್ಲಿಯೇ ಇಟ್ಟು ಹೋಗಿ. ಡಿಎಸ್-160ರ ದೃಢೀಕರಣ ಪುಟದ ಸಂಖ್ಯೆಯೂ ಸಂದರ್ಶನದ ದಿನ ಕಾಯ್ದಿರಿಸುವಾಗ ಕೊಟ್ಟ ಸಂಖ್ಯೆಯೂ ಒಂದೇ ಆಗಿರಬೇಕು. ಅರ್ಜಿಯನ್ನು ತಿದ್ದಿ ಮತ್ತೆ ಸಲ್ಲಿಸಿದ್ದರೆ ಈ ಸಂಖ್ಯೆ ಬದಲಾಗಿರುತ್ತದೆ, ಹೊರಡುವ ಮೊದಲೇ ಇದನ್ನು ನೋಡಿಕೊಳ್ಳಿ. ನಮಸ್ಕಾರ.