ಹದಿನೇಳು ಹುಡುಗಿಯರ ಶಾಲೆ: ಆನಿ ಫಂಕ್ ಅವರ ನೆನಪು

ಮಾನ್ಯರೇ,

1912ರ ಏಪ್ರಿಲ್ 15ರ ನಸುಕಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಕಥೆ ತಮಗೆಲ್ಲ ಗೊತ್ತಿರುವುದೇ. ಆ ಹಡಗಿನ ಎರಡನೆಯ ದರ್ಜೆಯಲ್ಲಿ, ಇಂದಿನ ಛತ್ತೀಸಗಡದ ಜಾಂಜಗೀರ್ ಎಂಬ ಊರಿನಿಂದ ಹೊರಟಿದ್ದ ಶಿಕ್ಷಕಿಯೊಬ್ಬರಿದ್ದರು. ಅವರೇ ಆನಿ ಕ್ಲೆಮರ್ ಫಂಕ್. ಅವರನ್ನು ಬಲ್ಲವರು ಕೂಡ ಹೆಚ್ಚಾಗಿ ನೆನೆಯುವುದು ಅವರ ಕೊನೆಯ ಐದಾರು ದಿನಗಳನ್ನು. ಅದಕ್ಕೂ ಹಿಂದಿನ ಬದುಕು ಸದ್ದುಗದ್ದಲವಿಲ್ಲದ್ದು. ಇಂದು ನಾನು ಮಾತನಾಡಬೇಕೆಂದಿರುವುದು ಅದರ ಬಗ್ಗೆ.

ಆನಿ ಹುಟ್ಟಿದ್ದು 1874ರ ಏಪ್ರಿಲ್ 12ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಬಾಲಿ ಎಂಬ ಊರಿನ ಬಳಿ, ಮೆನ್ನೊನೈಟ್ ಕುಟುಂಬವೊಂದರಲ್ಲಿ. ಈ ಪಂಥದ ಬೇರು 1525ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ತಲೆಯೆತ್ತಿದ ಒಂದು ಚಳವಳಿಯಲ್ಲಿದೆ. ಕೂಸುಗಳಿಗೆ ದೀಕ್ಷಾಸ್ನಾನ ಕೊಡಬಾರದು, ತಿಳಿವಳಿಕೆ ಬಂದ ಮೇಲೆ ಮನುಷ್ಯ ತಾನಾಗಿ ಕೇಳಿ ಪಡೆಯಬೇಕು ಎಂದವರು ಅವರು. ಕತ್ತಿ ಹಿಡಿಯುವುದಿಲ್ಲ, ಆಣೆಯಿಡುವುದಿಲ್ಲ ಎಂದೂ ಪಟ್ಟುಹಿಡಿದವರು. ಮೆನ್ನೊ ಸೈಮನ್ಸ್ ಎಂಬ ಫ್ರಿಸಿಯಾದ ಪಾದ್ರಿ 1536ರಲ್ಲಿ ತನ್ನ ಹುದ್ದೆಯನ್ನು ಬಿಟ್ಟು ಇವರನ್ನು ಸೇರಿಕೊಂಡದ್ದರಿಂದ ಅವರಿಗೆ ಆ ಹೆಸರು ಬಂದಿತು. ತಗ್ಗಿ ನಡೆಯುವುದು, ತನ್ನನ್ನು ಮುಂದೆ ಮಾಡಿಕೊಳ್ಳದಿರುವುದು ಅವರಲ್ಲಿ ದೊಡ್ಡ ಗುಣ. ಅಂಥವರ ಮನೆಯ ಹೆಣ್ಣುಮಗಳೊಬ್ಬಳ ಜೀವನಚರಿತ್ರೆ ತೆಳ್ಳಗಿದ್ದರೆ ಅದು ಬರೆದವರ ತಪ್ಪೇನೂ ಅಲ್ಲ.

ಓದು ಮುಗಿಸಿದ ಆನಿ ಮೊದಲು ದಕ್ಷಿಣದ ಚಾಟನೂಗಾ ನಗರದ ಬಡಜನರ ನಡುವೆ, ಆಮೇಲೆ ನ್ಯೂಜೆರ್ಸಿಯ ಪ್ಯಾಟರ್ಸನ್ನಿನಲ್ಲಿ ದುಡಿದರು. 1906ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದಾಗ ಅವರಿಗೆ 32 ವರ್ಷ. ಅವರ ಸಭೆಯ ಪರವಾಗಿ ಮದುವೆಯಾಗದ ಹೆಣ್ಣೊಬ್ಬಳು ಧರ್ಮಪ್ರಚಾರಕಿಯಾಗಿ ಇಲ್ಲಿಗೆ ಬಂದದ್ದು ಅದೇ ಮೊದಲು. ಮೆನ್ನೊನೈಟರನ್ನು ಈ ಕಡೆಗೆ ತಂದದ್ದು ಬರಗಾಲ. 1896–97ರಲ್ಲಿ ಒಮ್ಮೆ, 1899–1900ರಲ್ಲಿ ಮತ್ತೊಮ್ಮೆ ಮಧ್ಯಪ್ರಾಂತ್ಯವನ್ನು ಕ್ಷಾಮ ಸುಟ್ಟಿತು. ಪರಿಹಾರದ ಕೆಲಸದಿಂದ ಮೊದಲಾದ ನಂಟು ಚಾಂಪಾದಲ್ಲಿ ಕುಷ್ಠರೋಗಿಗಳ ಆಶ್ರಮವಾಗಿ, ಜಾಂಜಗೀರಿನಲ್ಲಿ ಮಿಷನ್ ಆಗಿ ನೆಲೆಯೂರಿತ್ತು. ಮಿಷನರಿಗಳ ಮತಪ್ರಚಾರದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ನನಗೂ ಇವೆ. ಆದರೂ ಆಗಿನ ಬಿಲಾಸಪುರ ಜಿಲ್ಲೆಯ ಒಂದು ಮೂಲೆಯಲ್ಲಿ, 1908ರಲ್ಲಿ, ಹೆಣ್ಣುಮಕ್ಕಳಿಗೆಂದೇ ಒಂದು ಶಾಲೆ ತೆರೆಯುವುದು ಸಣ್ಣ ಮಾತಾಗಿರಲಿಲ್ಲ. ಆ ಶಾಲೆಗೆ ಇದ್ದದ್ದು ಒಂದೇ ಕೋಣೆ. ಮಕ್ಕಳು 17 ಮಂದಿ. ಪೆನ್ಸಿಲ್ವೇನಿಯಾದಿಂದ ಬಂದ ಟೀಚರು ಮೊದಲು ತಾವು ಹಿಂದಿ ಕಲಿಯಬೇಕಾಯಿತು. ಇನ್ನೊಬ್ಬರ ನುಡಿಯಲ್ಲಿ ಅಕ್ಷರ ತಿದ್ದಿ, ಅದನ್ನೇ ಆ ನುಡಿಯವರ ಮಕ್ಕಳಿಗೆ ತಿದ್ದಿಸುವ ಕಷ್ಟ ಎಂಥದೆಂದು ಪಾಠ ಹೇಳಿದವರು ಬಲ್ಲರು. ಹಾಗೆ ಐದು ವರ್ಷ ಕಳೆದವು.

1912ರಲ್ಲಿ ಊರಿನ ಪಾದ್ರಿಯಿಂದ ತಂತಿ ಬಂತು: ತಾಯಿಗೆ ಕಾಯಿಲೆ ಜೋರಾಗಿದೆ, ಕೂಡಲೇ ಹೊರಟು ಬಾ. ಆನಿ ರೈಲು ಹತ್ತಿ ಮುಂಬಯಿಗೆ ಬಂದರು. ಅಲ್ಲಿಂದ ಪರ್ಷಿಯಾ ಎಂಬ ಹಡಗಿನಲ್ಲಿ ಮಾರ್ಸೇಲ್ಸಿಗೆ, ಮುಂದೆ ಇಂಗ್ಲೆಂಡಿಗೆ. ಲಿವರ್‌ಪೂಲಿನಿಂದ ಹ್ಯಾವರ್‌ಫರ್ಡ್ ಎಂಬ ಹಡಗಿನಲ್ಲಿ ಅವರಿಗೆ ಜಾಗ ಗೊತ್ತಾಗಿತ್ತು. ಆದರೆ ಬ್ರಿಟನ್ನಿನ ಗಣಿ ಕಾರ್ಮಿಕರ ಮುಷ್ಕರದಿಂದಾಗಿ ಕಲ್ಲಿದ್ದಲಿಗೆ ತತ್ವಾರ ಬಂದು ಆ ಹಡಗು ಹೊರಡದಾಯಿತು. ಬೇಗ ತಲುಪುವ ಆತುರದಲ್ಲಿ ಅವರು ಟೈಟಾನಿಕ್‌ಗೆ ಟಿಕೆಟ್ ಬದಲಿಸಿಕೊಂಡರು. ಅವರ 38ನೆಯ ಹುಟ್ಟುಹಬ್ಬ ಬಂದದ್ದು ಆ ಹಡಗಿನ ಮೇಲೆ, ನಡುನೀರಿನಲ್ಲಿ.

ಬ್ರಿಟಿಷ್ ವಿಚಾರಣೆಯ ಲೆಕ್ಕದಂತೆ ಎರಡನೆಯ ದರ್ಜೆಯಲ್ಲಿದ್ದ 93 ಹೆಂಗಸರ ಪೈಕಿ 80 ಮಂದಿ ಬದುಕಿದರು. ಉಳಿಯದ 13 ಮಂದಿಯಲ್ಲಿ ಆನಿಯೂ ಒಬ್ಬರು. ಬದುಕುವ ಸಾಧ್ಯತೆ ಅಷ್ಟಿದ್ದೂ ಅವರೇಕೆ ಉಳಿಯಲಿಲ್ಲ? ಈ ಪ್ರಶ್ನೆಗೆ ಅವರ ಜನ ಒಂದು ಕಥೆಯ ಮೂಲಕ ಉತ್ತರ ಹೇಳುತ್ತ ಬಂದಿದ್ದಾರೆ. ದೋಣಿಯಲ್ಲಿ ಅವರಿಗೆ ಜಾಗ ಸಿಕ್ಕಿತ್ತು, ಅಷ್ಟರಲ್ಲಿ ಮಕ್ಕಳಿಂದ ಅಗಲಿದ ತಾಯಿಯೊಬ್ಬಳು ಓಡಿಬಂದಳು, ಆನಿ ಎದ್ದು ಜಾಗ ಬಿಟ್ಟುಕೊಟ್ಟರು ಎಂಬುದು ಆ ಕಥೆ. ನಾನು ಅದನ್ನು ಕಥೆಯೆಂದೇ ಕರೆಯುತ್ತೇನೆ. ಸುಳ್ಳೆಂದು ಹೇಳುತ್ತಿಲ್ಲ, ಅದು ಮೂಡಿಬಂದ ಅಚ್ಚು ಎಷ್ಟು ಹಳೆಯದೆಂಬುದು ನನ್ನ ಕುತೂಹಲ. 1569ರಲ್ಲಿ ಹಾಲೆಂಡಿನ ಆಸ್ಪೆರೆನ್‌ನಲ್ಲಿ ಡಿರ್ಕ್ ವಿಲೆಮ್ಸ್ ಎಂಬಾತ ತನ್ನ ನಂಬಿಕೆಯ ಕಾರಣಕ್ಕೆ ಸೆರೆಯಾಗಿ, ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ. ಬೆನ್ನಟ್ಟಿದವನು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ. ಡಿರ್ಕ್ ಹಿಂತಿರುಗಿ ಬಂದು ಅವನನ್ನು ಎಳೆದು ಉಳಿಸಿ, ತಾನು ಸಿಕ್ಕಿಬಿದ್ದು, ಸುಡುವ ಶಿಕ್ಷೆಗೆ ಗುರಿಯಾದ. ಮೆನ್ನೊನೈಟರ ಮಕ್ಕಳು ಕೇಳುತ್ತ ಬೆಳೆಯುವ ಪ್ರಸಂಗವಿದು. ಮತ್ತೆ ಕೊರೆಯುವ ನೀರು, ಮತ್ತೆ ಹಿಂದೆ ತಿರುಗುವ ಒಂದು ಜೀವ: ತಮ್ಮ ಹೆಣ್ಣುಮಗಳ ಸಾವಿಗೆ ಆ ಜನ ಬೇರೆ ಯಾವ ಆಕಾರವನ್ನು ತಾನೇ ಕೊಟ್ಟಾರು?

ಆದರೆ ನನಗೆ ದೋಣಿಯ ಪಕ್ಕದ ಆ ಒಂದು ಗಳಿಗೆಗಿಂತ ಜಾಂಜಗೀರಿನ ಬಿರುಬೇಸಿಗೆಗಳೇ ದೊಡ್ಡವಾಗಿ ಕಾಣುತ್ತವೆ. ಜಾಗ ಬಿಟ್ಟುಕೊಟ್ಟರೋ ಇಲ್ಲವೋ, ಆ ಕೋಣೆಯಲ್ಲಿ 17 ಹುಡುಗಿಯರನ್ನು ಕೂರಿಸಿಕೊಂಡು ಪಾಠ ಹೇಳಿದ್ದಂತೂ ನಡೆದ ಸಂಗತಿ. ಅವರ ದೇಹ ಸಿಗಲಿಲ್ಲ. ಹುಟ್ಟೂರಿನ ಹೆರೆಫರ್ಡ್ ಮೆನ್ನೊನೈಟ್ ಚರ್ಚಿನ ಅಂಗಳದಲ್ಲಿ ಅವರ ಹೆಸರಿನ ಕಲ್ಲೊಂದಿದೆ. ಜಾಂಜಗೀರಿನ ಶಾಲೆಗೆ ಮುಂದೆ ಅವರದೇ ಹೆಸರಿಟ್ಟರು. ಇವತ್ತಿಗೂ ಹೌರಾದಿಂದ ನಾಗಪುರದ ಮೇಲೆ ಮುಂಬಯಿಗೆ ಹೋಗುವ ರೈಲುಗಳು ಚಾಂಪಾ ದಾಟಿ ಜಾಂಜಗೀರ್-ನೈಲಾ ನಿಲ್ದಾಣವನ್ನು ಹಾದೇ ಮುಂದಕ್ಕೆ ಸಾಗುತ್ತವೆ.