ನೂರರಲ್ಲಿ ಇಪ್ಪತ್ತು ಮನೆ

ಕೇಳುಗರಿಗೆ ನಮಸ್ಕಾರ.

ಸೊಲ್ಲಾಪುರದಲ್ಲಿ ಬಡವರ ಮನೆಯ ಮಾತು ಬಂದರೆ ಎಲ್ಲರೂ ಕುಂಭಾರಿಯ ಕಡೆ ಕೈ ತೋರಿಸುತ್ತಾರೆ. ತೋರಿಸಬೇಕಾದದ್ದೇ. ಕಮ್ಯುನಿಸ್ಟ್ ನಾಯಕಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ 10,000 ಮನೆಗಳು ಅಲ್ಲಿ ಎದ್ದವು. ಅಲ್ಲಿಯದೇ ರೇ ನಗರದ 30,000 ಮನೆಗಳಲ್ಲಿ 15,000 ಮನೆಗಳು 2024ರ ಜನವರಿಯಲ್ಲಿ ಕಾರ್ಮಿಕರ ಕೈಸೇರಿದವು. ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿ ಪಡೆದ ಸೂರು ಅದು. ಆದರೆ ಕುಂಭಾರಿ ಇರುವುದು ಊರ ಹೊರಗೆ, ಅಕ್ಕಲಕೋಟೆ ರಸ್ತೆಯಲ್ಲಿ. ಚಾದರದ ಮಗ್ಗದ ರಾತ್ರಿ ಪಾಳಿ, ನಾಲ್ಕು ಮನೆಯ ಪಾತ್ರೆ ಕೆಲಸ, ತರಕಾರಿಯ ಕೈಗಾಡಿ ಎಲ್ಲವೂ ಊರೊಳಗೇ ಉಳಿದಿವೆ. ಬಡವರ ಮನೆ ಎಂದರೆ ಭೂಮಿ ಅಗ್ಗವಿರುವ ಕಡೆ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ.

ಇನ್ನೊಂದು ದಾರಿ ನಮ್ಮ ರಾಜ್ಯದ ನಿಯಮಗಳಲ್ಲೇ ಇದೆ. 4,000 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಎಕರೆ ಅಥವಾ ಅದಕ್ಕೂ ದೊಡ್ಡ ಜಾಗದಲ್ಲಿ ವಸತಿ ಯೋಜನೆ ಮಾಡುವವರು ಶೇಕಡಾ 20ರಷ್ಟು ಪಾಲನ್ನು ಕಡಿಮೆ ಆದಾಯದವರಿಗೆ ಮೀಸಲಿಡಬೇಕೆಂದು ಮಹಾರಾಷ್ಟ್ರ ಸರಕಾರ 2013ರಲ್ಲಿ ನಿಯಮ ಮಾಡಿತು. ಆ ಮನೆಗಳನ್ನು ಸರಕಾರದ ವಸತಿ ಸಂಸ್ಥೆ ಮ್ಹಾಡಾ ಲಾಟರಿ ಎತ್ತಿ ಹಂಚುತ್ತದೆ. ಪುಣೆಯಲ್ಲಿ ಹೀಗೆ ಮನೆ ಸಿಕ್ಕವರಿದ್ದಾರೆ. ಆದರೆ ನಿಯಮ ಬಂದದ್ದು 10 ಲಕ್ಷ ಜನಸಂಖ್ಯೆ ದಾಟಿದ ಮಹಾನಗರಪಾಲಿಕೆಗಳಿಗೆ. 2011ರ ಜನಗಣತಿಯಲ್ಲಿ ಸೊಲ್ಲಾಪುರದ ಲೆಕ್ಕ ಸುಮಾರು ಒಂಬತ್ತೂವರೆ ಲಕ್ಷ! ಅಷ್ಟಕ್ಕೇ ಹೋಟಗಿ ರಸ್ತೆಯ ಲೇಔಟುಗಳು ಪಾರಾದವು.

ಬಿಲ್ಡರುಗಳ ತಕರಾರು ಗೊತ್ತಿರುವುದೇ: ಅಗ್ಗದ ಮನೆಯ ನಷ್ಟ ಉಳಿದವರ ತಲೆಯ ಮೇಲೆ ಬೀಳುತ್ತದೆ. ಮಾತಿನಲ್ಲಿ ಹುರುಳಿದೆ. ಬರೀ ಹೊರೆ ಹೊರಿಸಿದರೆ ಬೆಲೆ ಏರುತ್ತದೆ, ಇಲ್ಲವೇ ಕಟ್ಟುವುದೇ ನಿಲ್ಲುತ್ತದೆ. ಅಮೆರಿಕದ ಮಾಂಟ್‌ಗೊಮರಿ ಕೌಂಟಿ 1974ರಲ್ಲೇ ಇದಕ್ಕೆ ಉತ್ತರ ಹುಡುಕಿತು. ಅಗ್ಗದ ಮನೆಗಳ ಪಾಲು ಕೇಳಿ, ಬದಲಿಗೆ ಅದೇ ಜಾಗದಲ್ಲಿ ಹೆಚ್ಚು ಮನೆ ಕಟ್ಟಲು ಅನುಮತಿ ಕೊಟ್ಟಿತು. ಅವರು ಎಡವಿದ್ದು ಇನ್ನೊಂದು ಕಡೆ. ಬೆಲೆಯ ಮೇಲಿನ ಹಿಡಿತವನ್ನು ಮೊದಲಿಗೆ ಐದೇ ವರ್ಷಕ್ಕೆ ಇಟ್ಟರು. ಗಡುವು ಮುಗಿದ ಮನೆಗಳು ಪೇಟೆಯ ಬೆಲೆಗೆ ಕೈಬಿಟ್ಟುಹೋದವು. ಆಮೇಲೆ ಅದನ್ನು ಹತ್ತು ವರ್ಷಕ್ಕೂ, ಕೊನೆಗೆ ಮೂವತ್ತು ವರ್ಷಕ್ಕೂ ಏರಿಸಬೇಕಾಯಿತು.

ನಮ್ಮ ರೋಗ ಬೇರೆ. ಕೊಡಬೇಕಾದ ಮನೆಗಳನ್ನು ಬಿಲ್ಡರುಗಳು ಮ್ಹಾಡಾಕ್ಕೆ ಕೊಟ್ಟೇ ಇಲ್ಲವೆಂಬ ಆರೋಪ 2022ರಲ್ಲಿ ನಾಸಿಕದಲ್ಲಿ ಗದ್ದಲವೆಬ್ಬಿಸಿತು. ನಿಯಮದ ಗೆರೆ ಒಂದು ಎಕರೆಯಲ್ಲಿದ್ದರೆ ಎಕರೆಯನ್ನೇ ಎರಡು ಹೆಸರಿಗೆ ಬರೆಸುವ ಜಾಣರಿಗೆ ನಮ್ಮಲ್ಲೇನು ಬರವೇ?

ಹಾಗಿದ್ದರೂ ಈ ನಿಯಮ ಸೊಲ್ಲಾಪುರಕ್ಕೆ ಬೇಕು, ಮುಂದಿನ ಜನಗಣತಿಯ ದಾರಿ ಕಾಯದೆ ಬೇಕು ಎಂಬುದು ನನ್ನ ಅಭಿಪ್ರಾಯ. ಮಹಾನಗರಪಾಲಿಕೆ ಠರಾವು ಮಾಡಿ ಸರಕಾರಕ್ಕೆ ಕಳಿಸಲಿ. ಒಬ್ಬನೇ ಮಾಲೀಕನ ಅಕ್ಕಪಕ್ಕದ ಜಾಗಗಳನ್ನು ಒಂದೇ ಎಂದು ಎಣಿಸಲಿ. ಮನೆಗಳು ಅದೇ ಲೇಔಟಿನಲ್ಲಿರಲಿ. ಯಾರೂ ಆಡದ ಇನ್ನೊಂದು ಮಾತಿದೆ, ಸೊಸೈಟಿಯ ತಿಂಗಳ ನಿರ್ವಹಣಾ ಶುಲ್ಕ. ಲಿಫ್ಟು, ಕಾವಲುಗಾರ, ಈಜುಕೊಳದ ಖರ್ಚನ್ನು ಸಮವಾಗಿ ಹಂಚಿದರೆ ಲಾಟರಿ ಗೆದ್ದವರು ವರ್ಷದೊಳಗೆ ಬೀಗ ಹಾಕಿ ಹೊರಡುತ್ತಾರೆ. ಆ ಶುಲ್ಕವನ್ನು ಮನೆಯ ಅಳತೆಗೆ ತಕ್ಕಂತೆ ಕಟ್ಟಿಸಿಕೊಳ್ಳಬೇಕೆಂದು ಠರಾವಿನಲ್ಲೇ ಬರೆಯಲಿ.

ನಮಸ್ಕಾರ.